ಕಾಕಾ ಬಿ.ಎಡ್ ಅಂತಾರೆ, ನನಗೆ ಗಣಿತದ ಪ್ರೊಫೆಸರ್ ಆಗಬೇಕು

ಪ್ರಶ್ನೆ: ಸರ್, ನಾನು ಮುಧೋಳ ತಾಲೂಕಿನ ಹಳ್ಳಿಯವಳು. ಬೆಳಗಾವಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಎಂ.ಎಸ್ಸಿ ಗಣಿತ ಎರಡನೇ ವರ್ಷ ಓದುತ್ತಿದ್ದೇನೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಪಿಎಚ್.ಡಿ ಮಾಡಿ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಆಗಬೇಕು ಅಂತ ಆಸೆ. ಅಪ್ಪ ಕಬ್ಬು ಬೆಳೆಯುತ್ತಾರೆ, ಅವರು ಏನೂ ಅನ್ನುವುದಿಲ್ಲ. ಕಾಕಾ ಮಾತ್ರ, ಸುಮ್ನೆ ಬಿ.ಎಡ್ ಮಾಡಿ ಹೈಸ್ಕೂಲ್ ಟೀಚರ್ ಆಗು, ಗಣಿತದಲ್ಲಿ ಹೊಸದಾಗಿ ಕಂಡುಹಿಡಿಯೋದು ಏನು ಉಳಿದಿದೆ ಅಂತ ಕೇಳುತ್ತಾರೆ. ಎಷ್ಟು ವರ್ಷ ಹಿಡಿಯುತ್ತದೆ, ಸಂಬಳ ಎಷ್ಟು, ನನ್ನಂಥವಳ ಕೈಲಿ ಆಗುತ್ತದಾ?

ಉತ್ತರ: ನೋಡವ್ವಾ, ನನ್ನ ಕೊನೆಯ ಬ್ಯಾಚಿನ ಹುಡುಗಿಯರಿಗಿಂತಲೂ ನೀನು ಸಣ್ಣವಳು, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನಾನು ಇಂಡಿ ಕಡೆಯವನು. ಹನ್ನೊಂದು ವರ್ಷ ಬಾಗಲಕೋಟೆ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಿದೆ, ಆಮೇಲೆ ಯೂನಿವರ್ಸಿಟಿ. ಈಗ ರಿಟೈರ್ ಆಗಿ ವಿಜಯಪುರದ ಮನೆಯಲ್ಲಿದ್ದೇನೆ. ಟೈಮ್ ಬೇಕಾದಷ್ಟಿದೆ, ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ನಿಮ್ಮ ಕಾಕಾನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನೌಕರಿ, ಸಂಬಳ ಆಮೇಲೆ. ಯಾಕಂದ್ರೆ ಗಣಿತದಲ್ಲಿ ಹೊಸದು ಅಂದರೆ ಏನು ಅನ್ನೋದೇ ಗೊತ್ತಿಲ್ಲದೆ ಪಿಎಚ್.ಡಿಗೆ ಸೇರಿದವರನ್ನು ನಾನು ಬಹಳ ನೋಡಿದ್ದೇನೆ. ಮೂರನೇ ವರ್ಷಕ್ಕೆ ಅವರಿಗೆ ಡಿಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುವುದೇ ಬೇಡ ಅನಿಸಿರುತ್ತದೆ.

ಕೃಷ್ಣಾ ದಂಡೆಯಲ್ಲಿ ಒಂದೇ ರಸ್ತೆಗೆ ಸಾಲಾಗಿ ಒಂಬತ್ತು ಹಳ್ಳಿ ಇವೆ ಅಂದುಕೋ. ಪ್ರತಿ ಹಳ್ಳಿಯವರಿಗೂ ತಮ್ಮ ಊರಲ್ಲಾದರೂ, ಇಲ್ಲ ಪಕ್ಕದ ಊರಲ್ಲಾದರೂ ಒಂದು ದವಾಖಾನೆ ಸಿಗಬೇಕು. ಕಡಿಮೆ ಅಂದರೆ ಎಷ್ಟು ಕಟ್ಟಬೇಕು? ಮೂರು ಸಾಕು. ಎರಡನೇ, ಐದನೇ, ಎಂಟನೇ ಊರಲ್ಲಿ ಕಟ್ಟಿದರೆ ಎಲ್ಲರಿಗೂ ಆಯಿತು. ಈಗ ಮೇಲಿನ ಸಾಹೇಬರು ಇನ್ನೊಂದು ಷರತ್ತು ಹಾಕಿದರು ಅನ್ನು. ಒಂದು ದವಾಖಾನೆಯಿಂದ ಇನ್ನೊಂದಕ್ಕೆ ಔಷಧ ಹೋಗುವಾಗ ನಡುವೆ ದವಾಖಾನೆ ಇಲ್ಲದ ಊರು ಬರಬಾರದು. ಆಗ ಏಳು ಬೇಕು! ಎರಡು ತುದಿಯ ಊರು ಬಿಟ್ಟು ಉಳಿದ ಎಲ್ಲ ಕಡೆ ಕಟ್ಟಬೇಕು. ಒಂದೇ ಷರತ್ತಿಗೆ ಮೂರು ಇದ್ದದ್ದು ಏಳಾಯಿತು. ಇದು ನೆಟ್ಟಗಿನ ರಸ್ತೆಯ ಮಾತು. ರಸ್ತೆಗಳು ಅಡ್ಡಾದಿಡ್ಡಿ ಹೆಣೆದುಕೊಂಡಿದ್ದರೆ, ಹಳ್ಳಿ ಸಾವಿರ ಇದ್ದರೆ? ಯಾವ ನಕ್ಷೆ ಕೊಟ್ಟರೂ ಬೇಗ ಉತ್ತರ ಹೇಳುವ ವಿಧಾನ ಇವತ್ತಿಗೂ ಯಾರ ಹತ್ತಿರವೂ ಇಲ್ಲ. ಅಂಥ ವಿಧಾನ ಇರಲಿಕ್ಕೆ ಸಾಧ್ಯವೇ ಇಲ್ಲ ಅಂತಲೂ ಯಾರೂ ಸಾಬೀತು ಮಾಡಿಲ್ಲ.

ಆ ಎರಡನೇ ಲೆಕ್ಕಕ್ಕೆ ಗ್ರಾಫ್ ಥಿಯರಿಯಲ್ಲಿ, ಅಂದರೆ ಬಿಂದುಗಳು ಮತ್ತು ಅವನ್ನು ಜೋಡಿಸುವ ಗೆರೆಗಳ ಗಣಿತದಲ್ಲಿ, ಕನೆಕ್ಟೆಡ್ ಡಾಮಿನೇಷನ್ ನಂಬರ್ ಅನ್ನುತ್ತಾರೆ. ಅದು ಬಂದದ್ದು 1979ರ ಒಂದು ಪ್ರಬಂಧದಿಂದ. ಬರೆದವರು ಇ. ಸಂಪತ್‌ಕುಮಾರ್ ಮತ್ತು ಎಚ್.ಬಿ. ವಾಲೀಕಾರ, ಇಬ್ಬರೂ ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದವರು. ವಾಲೀಕಾರರು ಮುಂದೆ ಅಲ್ಲಿಯೇ ಕುಲಪತಿಗಳೂ ಆದರು. ಅವರು ಬರೆಯುವಾಗ ಮೊಬೈಲ್ ಇರಲಿಲ್ಲ, ವೈಫೈ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ವೈರ್‌ಲೆಸ್ ನೆಟ್‌ವರ್ಕಿನವರಿಗೆ ಸಂದೇಶ ದಾಟಿಸಲಿಕ್ಕೆ ಒಂದು ಬೆನ್ನೆಲುಬು ಬೇಕಾದಾಗ ಅದೇ ಲೆಕ್ಕ ಉಪಯೋಗಕ್ಕೆ ಬಂತು. ಕಾಕಾನಿಗೆ ಹೇಳು, ಬೆಳಗಾವಿಯಿಂದ ಬಸ್ಸಲ್ಲಿ ಎರಡು ತಾಸಿನ ದಾರಿಯಲ್ಲಿ ಹುಟ್ಟಿದ ಪ್ರಶ್ನೆ ಇದು, ಮುಗಿದಿಲ್ಲ ಇನ್ನೂ.

ಹಳೇ ಮಾತು ಬೇಕಾದರೆ ಅದೂ ಇದೆ. ಭಾಸ್ಕರಾಚಾರ್ಯರು ನಮ್ಮ ಊರಿನವರು ಅಂತ ವಿಜಯಪುರದವರು ಹೇಳಿಕೊಳ್ಳುತ್ತೇವೆ. ಅವರು ತಮ್ಮ ಊರನ್ನು ಬರೆದದ್ದು ವಿಜ್ಜಡವಿಡ ಅಂತ. ಅದು ಚಾಳೀಸ್‌ಗಾಂವ್ ಕಡೆಯ ಊರು ಅಂತ ಮಹಾರಾಷ್ಟ್ರದವರು ಜಗಳ ತೆಗೆಯುತ್ತಾರೆ, ಅವರ ಕಡೆ ಶಾಸನದ ಆಧಾರವೂ ಇದೆ, ಇರಲಿ ಬಿಡು. ಭಾಸ್ಕರರ ಒಂದು ಲೆಕ್ಕ ಹೀಗಿದೆ: ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಮತ್ತೆ ಪೂರ್ಣ ವರ್ಗವೇ ಬರಬೇಕು. ನೋಡಲಿಕ್ಕೆ ಏಳನೇ ಕ್ಲಾಸಿನ ಲೆಕ್ಕ. ಆದರೆ ಸೊನ್ನೆ ಬಿಟ್ಟರೆ ಅತಿ ಸಣ್ಣ ಉತ್ತರವೇ 226153980. ಹನ್ನೆರಡನೇ ಶತಮಾನದಲ್ಲಿ ಭಾಸ್ಕರರು ಇದನ್ನು ಚಕ್ರವಾಲ ಪದ್ಧತಿಯಿಂದ ಬಿಡಿಸಿದರು. 1657ರಲ್ಲಿ ಫ್ರಾನ್ಸಿನ ಫರ್ಮಾ ಅದೇ 61ನ್ನು ಉಳಿದ ಪಂಡಿತರ ಮುಂದೆ ಸವಾಲಾಗಿ ಇಟ್ಟ, ಇಲ್ಲಿ ಆಗಲೇ ಬಿಡಿಸಿದ್ದಾರೆ ಅನ್ನೋ ಸುದ್ದಿ ಅವನಿಗಿರಲಿಲ್ಲ.

ಹೊಸದು ಏನಿದೆ ಅನ್ನೋದು ಆಯಿತು. ಈಗ ಹೊಸದು ಅಂತ ಮಾರುವ ಸರಕಿನ ಬಗ್ಗೆಯೂ ಹೇಳಬೇಕು, ಯಾಕಂದ್ರೆ ನಿನಗೆ ಮೊದಲು ಸಿಗುವುದು ಅದೇ. ಗ್ರಾಫ್ ಥಿಯರಿ ನಮ್ಮ ಕಡೆ ಚೆನ್ನಾಗಿ ಬೇರು ಬಿಟ್ಟಿದೆ, ಒಳ್ಳೆಯದೇ. ಆದರೆ ಅದರ ಹೆಸರಲ್ಲಿ ಒಂದು ಸುಲಭದ ದಂಧೆಯೂ ಬೆಳೆದಿದೆ. ಹಳೇ ವ್ಯಾಖ್ಯೆಗೆ ಒಂದು ಬಾಲ ಅಂಟಿಸು, ಹೊಸ ಹೆಸರಿಡು, ಸಾಲು, ಚಕ್ರ, ಜಾಲರಿ ಅಂತ ನಾಲ್ಕು ಆಕೃತಿಗೆ ಬೆಲೆ ಲೆಕ್ಕ ಹಾಕು, ಪೇಪರ್ ರೆಡಿ. ಮುಂದಿನ ತಿಂಗಳು ಇನ್ನೊಂದು ಬಾಲ. ಸಂಪತ್‌ಕುಮಾರ್ ವಾಲೀಕಾರರೂ ಒಂದು ಷರತ್ತು ಸೇರಿಸಿದರು ಅಷ್ಟೇ ಅಲ್ವಾ ಸರ್, ಅಂತ ನನ್ನ ಒಬ್ಬ ವಿದ್ಯಾರ್ಥಿ ಕೇಳಿದ್ದ. ಹೌದಪ್ಪಾ, ಆದರೆ ಆ ಷರತ್ತಿನಿಂದ ಪ್ರಶ್ನೆಯ ಸ್ವಭಾವವೇ ಬದಲಾಯಿತು, ಮೂರು ಏಳಾಗಿದ್ದು ನೋಡಿದೆಯಲ್ಲ. ನಿನ್ನ ಬಾಲ ಕಿತ್ತು ಹಾಕಿದರೆ ಏನಾದರೂ ಕಳೆದುಹೋಗುತ್ತದಾ? ನಾನು ಪೇಪರ್ ತೂಗುತ್ತಿದ್ದದ್ದು ಇದೊಂದೇ ತಕ್ಕಡಿಯಲ್ಲಿ.

ನಾನೇನೂ ಸಾಚಾ ಅಲ್ಲ. ಪ್ರಮೋಷನ್ ಫೈಲಿಗೆ ಒಂದು ಪೇಪರ್ ಕಮ್ಮಿ ಬಿತ್ತು ಅಂತ ಒಮ್ಮೆ ದುಡ್ಡು ಕಟ್ಟಿಸಿಕೊಂಡು ಹತ್ತೇ ದಿನದಲ್ಲಿ ಅಚ್ಚು ಹಾಕುವ ಒಂದು ಜರ್ನಲ್ಲಿಗೆ ಕಳಿಸಿದ್ದೆ. ಯಾರೂ ಓದಲಿಲ್ಲ, ಪುಣ್ಯ. ಅದರಲ್ಲಿ ಎರಡನೇ ಪುಟದಲ್ಲಿ ತಪ್ಪಿದೆ. ಇವತ್ತಿಗೂ ನನ್ನ ಬಯೋಡೇಟಾದಲ್ಲಿ ಆ ಸಾಲು ಬಂದಾಗ ಕಣ್ಣು ಜಾರಿಸುತ್ತೇನೆ. ಗಣಿತದ ಸರಿಯಾದ ಜರ್ನಲ್ ಹತ್ತು ದಿನದಲ್ಲಿ ಉತ್ತರ ಕೊಡುವುದಿಲ್ಲ ತಂಗೀ, ಒಂದು ವರ್ಷ, ಎರಡು ವರ್ಷ ಕಾಯಿಸುತ್ತದೆ. ಯಾರೋ ಒಬ್ಬರು ಎಲ್ಲೋ ಕೂತು ನಿನ್ನ ಸಾಬೀತನ್ನು ಸಾಲು ಸಾಲಾಗಿ ಪರೀಕ್ಷೆ ಮಾಡಬೇಕು, ಪುಕ್ಕಟೆ. ಇನ್ನೊಂದು ವಿಷಯ, ನಮ್ಮಲ್ಲಿ ಲೇಖಕರ ಹೆಸರು ಸಾಮಾನ್ಯವಾಗಿ ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತದೆ, ಗೈಡ್ ಮೊದಲು, ಹುಡುಗಿ ಕೊನೆ ಅಂತೆಲ್ಲ ಇಲ್ಲ. ಕೆಮಿಸ್ಟ್ರಿಯ ಗೆಳತಿಯರು ನೀನು ಮೂರನೇ ಲೇಖಕಿ ಅಂತ ಅಣಕಿಸಿದರೆ ಇದನ್ನು ಹೇಳು.

ಈ ಕೆಲಸ ದಿನಾ ಹೇಗಿರುತ್ತದೆ ಅಂತ ನೀನು ಕೇಳಿಲ್ಲ, ಕೇಳಬೇಕಿತ್ತು. ಹೆಚ್ಚಿನ ದಿನ ಏನೂ ಆಗುವುದಿಲ್ಲ. ಲ್ಯಾಬ್ ಇದ್ದವರು ಫಲಿತಾಂಶ ಬರದಿದ್ದರೂ ಗಾಜು ತೊಳೆದು ಮನೆಗೆ ಹೋಗಬಹುದು. ನಮಗೆ ತೊಳೆಯಲಿಕ್ಕೂ ಏನಿಲ್ಲ! ನನ್ನ ಥೀಸಿಸ್ಸಿನ ಮುಖ್ಯ ಭಾಗ ಒಂದು ಲೆಮ್ಮಾದ ಮೇಲೆ, ಅಂದರೆ ದೊಡ್ಡ ಸಾಬೀತಿಗೆ ಮೆಟ್ಟಿಲಾಗುವ ಒಂದು ಸಣ್ಣ ಹೇಳಿಕೆಯ ಮೇಲೆ, ನಿಂತಿತ್ತು. ಒಂದು ಸಂಜೆ ಬಾಗಲಕೋಟೆಯಿಂದ ವಿಜಯಪುರಕ್ಕೆ ಬಸ್ಸಲ್ಲಿ ಬರುತ್ತಿದ್ದೆ. ಕೊರ್ತಿ ಕೊಲ್ಹಾರ ಸೇತುವೆ ಮೇಲೆ ಬಸ್ಸು ನಿಂತಿತು, ಮುಂದೆ ಕಬ್ಬಿನ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಸುಮ್ನೆ ಕೂತು ನೀರು ನೋಡುತ್ತಾ ಲೆಮ್ಮಾವನ್ನು ಐದು ಬಿಂದುವಿನ ಒಂದು ಗ್ರಾಫಿಗೆ ಹಚ್ಚಿ ನೋಡಿದೆ. ಸುಳ್ಳಾಗಿತ್ತು. ಹದಿನಾಲ್ಕು ತಿಂಗಳ ಕೆಲಸ. ಮನೆಗೆ ಬಂದು ಹೆಂಡತಿಗೆ ಹೇಳಿದರೆ, ಐದೇ ಬಿಂದು ಅಂದರೆ ಮೊದಲೇ ನೋಡಬೇಕಿತ್ತಲ್ಲ ಅಂದಳು. ಅವಳು ಕನ್ನಡ ಎಂ.ಎ. ಆದರೂ ಅವಳ ಮಾತೇ ಸರಿ, ಅಂದಿನಿಂದ ಯಾವ ಹೇಳಿಕೆಯನ್ನೂ ಸಣ್ಣ ಉದಾಹರಣೆಗೆ ಹಚ್ಚದೆ ನಾನು ನಂಬಿಲ್ಲ. ಆ ಸುಳ್ಳು ಯಾಕೆ ಸುಳ್ಳಾಯಿತು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದೇ ಕೊನೆಗೆ ಥೀಸಿಸ್ ಆಯಿತು, ಅದಕ್ಕೆ ಇನ್ನೆರಡು ವರ್ಷ ಹಿಡಿಯಿತು.

ಈಗ ದುಡ್ಡು, ವರ್ಷ. ಇದಕ್ಕೆ ಬೇರೆ ವಹಿ ಇಡು. ಗಣಿತದ ವಹಿಗೂ ನೌಕರಿಯ ವಹಿಗೂ ಗಂಟು ಹಾಕಬೇಡ. ನನ್ನ ಗೆಳೆಯರಲ್ಲಿ ಕೆಟ್ಟುಹೋದವರೆಲ್ಲ ಎರಡನ್ನೂ ಒಂದರಲ್ಲೇ ಬರೆದವರು. ನೌಕರಿ ಸಿಗದಿದ್ದರೆ ನನ್ನ ಗಣಿತವೇ ಕೆಟ್ಟದ್ದು ಅಂದುಕೊಂಡರು, ನೌಕರಿ ಸಿಕ್ಕವರು ಗಣಿತ ಮುಗಿಯಿತು ಅಂದುಕೊಂಡರು.

ಎಂ.ಎಸ್ಸಿ ಮುಗಿದ ಮೇಲೆ ನೆಟ್ ಪರೀಕ್ಷೆ, ಕಾಲೇಜಿನಲ್ಲಿ ಪಾಠ ಮಾಡಲಿಕ್ಕೆ, ಸಂಶೋಧನೆಗೆ ಅರ್ಹತೆ ಕೊಡುವ ರಾಷ್ಟ್ರಮಟ್ಟದ ಪರೀಕ್ಷೆ. ಗಣಿತದವರಿಗೆ ಅದು ಸಿಎಸ್ಐಆರ್ ಯುಜಿಸಿ ನೆಟ್, ಒಟ್ಟು 200 ಅಂಕ, ಮೂರು ತಾಸು. ಎ ಭಾಗ ಸಾಮಾನ್ಯ ಬುದ್ಧಿಯದು, 30 ಅಂಕ. ಬಿ ಭಾಗ 75. ಸಿ ಭಾಗ 95, ಅದೇ ಅಸಲಿ ಆಟ. ಅಲ್ಲಿ ಒಂದು ಪ್ರಶ್ನೆಗೆ ಒಂದಕ್ಕಿಂತ ಜಾಸ್ತಿ ಉತ್ತರ ಸರಿ ಇರಬಹುದು, ಎಲ್ಲ ಸರಿಯಾದವನ್ನೂ ಗುರುತಿಸಿದರೆ ಮಾತ್ರ 4.75 ಅಂಕ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದರೆ ಅರ್ಧ ಗೊತ್ತಿದ್ದರೆ ಸೊನ್ನೆ. ಗೈಡ್ ಪುಸ್ತಕ ಬಾಯಿಪಾಠ ಮಾಡಿದವರು ಇಲ್ಲೇ ಮುಗ್ಗರಿಸುತ್ತಾರೆ. ರಿಯಲ್ ಅನಾಲಿಸಿಸ್ ಮತ್ತು ಲೀನಿಯರ್ ಆಲ್ಜಿಬ್ರಾ ಗಟ್ಟಿ ಇದ್ದವರು ದಾಟುತ್ತಾರೆ. ಮೇಲಿನ ರ್‍ಯಾಂಕ್ ಬಂದರೆ ಜೆಆರ್‌ಎಫ್: ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್, ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ನಮ್ಮ ರಾಜ್ಯದ ಕೆಸೆಟ್ ಕೂಡ ಬರೆ. ಅದರಿಂದ ಫೆಲೋಶಿಪ್ ಬರುವುದಿಲ್ಲ, ಅಸಿಸ್ಟೆಂಟ್ ಪ್ರೊಫೆಸರ್ ಆಗುವ ಅರ್ಹತೆ ಬರುತ್ತದೆ, ಅದೂ ಕರ್ನಾಟಕದೊಳಗೆ. ಇದಲ್ಲದೆ ಗಣಿತಕ್ಕೆ ಅಂತಲೇ ಎನ್‌ಬಿಎಚ್‌ಎಂ ಅಂತ ಒಂದು ಮಂಡಳಿ ಇದೆ, ಅಣುಶಕ್ತಿ ಇಲಾಖೆಯದು. ಅದರ ಪಿಎಚ್.ಡಿ ಸ್ಕಾಲರ್‌ಶಿಪ್ ನಮ್ಮ ಕಡೆ ಬಹಳ ಮಂದಿಗೆ ಗೊತ್ತೇ ಇಲ್ಲ.

ಪಿಎಚ್.ಡಿ ಕಡಿಮೆ ಅಂದರೆ ಮೂರು ವರ್ಷ, ಜಾಸ್ತಿ ಅಂದರೆ ಆರು. ಹೆಣ್ಣುಮಕ್ಕಳಿಗೆ ಇನ್ನೆರಡು ವರ್ಷದ ಸಡಿಲಿಕೆ ಇದೆ, ಹೆರಿಗೆ, ಮಗು ಅಂತ ಒಟ್ಟು 240 ದಿನದ ರಜೆಯೂ ಇದೆ. ಮನೆಯಲ್ಲಿ ಮದುವೆ ಮಾತು ಬಂದಾಗ ಈ ನಿಯಮ ಗೊತ್ತಿರಲಿ, ಎಷ್ಟೋ ಹುಡುಗಿಯರು ಗೊತ್ತಿಲ್ಲದೆ ಅರ್ಧಕ್ಕೆ ಬಿಟ್ಟಿದ್ದಾರೆ. ಗಣಿತದಲ್ಲಿ ನಾಲ್ಕೂವರೆ ಐದು ವರ್ಷ ಹಿಡಿ.

ಅಲ್ಲಿಗೆ ನಿನಗೆ ಇಪ್ಪತ್ತೊಂಬತ್ತು. ಮುಂದೇನು ಅಂದರೆ, ಇಲ್ಲೇ ನೆಲ ಜಾರುತ್ತದೆ. ಹುದ್ದೆ ಖಾಲಿ ಇರುವುದು ಬೇರೆ, ಅರ್ಜಿ ಕರೆಯುವುದು ಬೇರೆ. ಖಾಲಿ ಬಿದ್ದ ಹುದ್ದೆಗೆ ಅರ್ಜಿ ಕರೆಯಲಿಕ್ಕೆ ವರ್ಷಗಟ್ಟಲೆ ಆಗುತ್ತದೆ. ಸರ್ಕಾರಿ ಡಿಗ್ರಿ ಕಾಲೇಜುಗಳಿಗೆ 2021ರಲ್ಲಿ 1242 ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ ಕರೆದರು, ಎಲ್ಲ ವಿಷಯ ಸೇರಿ. ಅಂಥದ್ದು ಪ್ರತಿ ವರ್ಷ ಬರುವುದಿಲ್ಲ. ನಡುವಿನ ವರ್ಷಗಳಲ್ಲಿ ನಮ್ಮ ಹುಡುಗರು ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾರೆ, ಸೆಮಿಸ್ಟರ್ ಮುಗಿದರೆ ಸಂಬಳವೂ ಮುಗಿಯಿತು. ಪಿಎಚ್.ಡಿ ಇದ್ದವರೂ ಇದ್ದಾರೆ ಅದರಲ್ಲಿ, ನಲವತ್ತು ದಾಟಿದವರೂ ಇದ್ದಾರೆ. ಇದನ್ನು ಮುಚ್ಚಿಟ್ಟು ನಿನಗೆ ಆಸೆ ಹಚ್ಚಿದರೆ ನನಗೆ ಪಾಪ ಬರುತ್ತದೆ.

ಹುದ್ದೆ ಸಿಕ್ಕಿತು ಅಂದರೆ ಮಾತ್ರ ಚೆನ್ನಾಗಿದೆ. ಯುಜಿಸಿ ವೇತನದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಮೂಲ ವೇತನ 57,700, ಅದರ ಮೇಲೆ ತುಟ್ಟಿಭತ್ಯೆ ಇತ್ಯಾದಿ. ಪ್ರೊಫೆಸರ್ ಮೂಲ ವೇತನ 1,44,200ರಿಂದ ಶುರು. ನಡುವೆ ಎಷ್ಟು ದೂರ ಅಂದರೆ, ಪಿಎಚ್.ಡಿ ಇದ್ದು ಪ್ರತಿ ಮೆಟ್ಟಿಲನ್ನೂ ಟೈಮಿಗೆ ಸರಿಯಾಗಿ ಹತ್ತಿದರೆ ನಾಲ್ಕು, ಐದು, ಮೂರು, ಮೂರು, ಒಟ್ಟು ಹದಿನೈದು ವರ್ಷ. ಟೈಮಿಗೆ ಸರಿಯಾಗಿ ಹತ್ತಿದವರನ್ನು ನಾನು ಕಡಿಮೆ ನೋಡಿದ್ದೇನೆ. ಫೈಲು ನಡೆಯುತ್ತದೆ, ನಿಲ್ಲುತ್ತದೆ, ಕಮಿಟಿ ಕೂಡಬೇಕು, ಕೋರಂ ಇರುವುದಿಲ್ಲ. ಮೂವತ್ತೆರಡಕ್ಕೆ ಸೇರಿದರೆ ನಲವತ್ತೇಳಕ್ಕೆ ಪ್ರೊಫೆಸರ್ ಅಂದುಕೋ, ಐವತ್ತು ಅಂದುಕೊಂಡರೆ ಮನಸ್ಸಿಗೆ ನೆಮ್ಮದಿ. ವಾರಕ್ಕೆ ಹದಿನಾರು ತಾಸು ಪಾಠ, ಅದಲ್ಲದೆ ಪೇಪರ್ ವ್ಯಾಲ್ಯುವೇಷನ್, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ಬಂತಂದರೆ ಆರು ತಿಂಗಳು ಬರೀ ಫೈಲು. ಇವೆಲ್ಲದರ ನಡುವೆ ಬೆಳಿಗ್ಗೆ ಎರಡು ತಾಸು ಬಾಗಿಲು ಹಾಕಿಕೊಂಡು ಕೂತವರೇ ನಮ್ಮಲ್ಲಿ ಏನಾದರೂ ಮಾಡಿದವರು.

ಇನ್ನು ಕಾಕಾನ ಸಲಹೆ. ಅವರನ್ನು ಶತ್ರು ಮಾಡಿಕೊಳ್ಳಬೇಡ, ಲೆಕ್ಕ ಬಲ್ಲ ಮನುಷ್ಯ. ಗ್ಯಾರಂಟಿ ಅನ್ನೋದು ಅದರಲ್ಲೂ ಇಲ್ಲ, ಪರೀಕ್ಷೆ, ನೇಮಕಾತಿ ಅಂತ ಅಲ್ಲೂ ಕಾಯಬೇಕು. ಆದರೆ ಮೇಷ್ಟ್ರ ಹುದ್ದೆಗಳು ಗಣಿತಕ್ಕೆ ಜಾಸ್ತಿ, ಸರ್ಕಾರಿ ಪಿಯು ಕಾಲೇಜಿಗೂ ಬಿ.ಎಡ್ ಕೇಳುತ್ತಾರೆ. ಮತ್ತೆ ಹೈಸ್ಕೂಲಿಗೆ ಹೋದರೆ ಗಣಿತ ಸತ್ತಿತು ಅಂತಲೂ ತಿಳಿಯಬೇಡ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದವರು, ಬಿ.ಎಸ್ಸಿಯ ಮೇಲೆ ಡಿಗ್ರಿ ಇರಲಿಲ್ಲ. ಎಲ್ಲ ಅಂಕಿಯೂ ಒಂದೇ ಅಲ್ಲದ ಯಾವುದೇ ನಾಲ್ಕಂಕಿ ಸಂಖ್ಯೆ ತೆಗೆದುಕೊ, ಅಂಕಿಗಳನ್ನು ಇಳಿಕೆಯಲ್ಲಿ ಬರೆ, ಏರಿಕೆಯಲ್ಲಿ ಬರೆ, ಕಳೆ, ಮತ್ತೆ ಹಾಗೇ ಮಾಡುತ್ತಾ ಹೋಗು. ಕೊನೆಗೆ 6174ಕ್ಕೆ ಬಂದು ನಿಲ್ಲುತ್ತದೆ. ಅದು ಅವರು ಕಂಡದ್ದು, ಇವತ್ತು ಜಗತ್ತೇ ಅದನ್ನು ಅವರ ಹೆಸರಿನಲ್ಲಿ ಕರೆಯುತ್ತದೆ.

ಹಾಗಾಗಿ ನಾನು ಹೇಳುವುದು ಇಷ್ಟು: ಎಂ.ಎಸ್ಸಿ ಮುಗಿದ ಮೇಲೆ ಎರಡು ವರ್ಷ ಕೇಳಿಕೋ, ಅಪ್ಪನ ಹತ್ತಿರವೂ, ಕಾಕಾನ ಹತ್ತಿರವೂ. ಅಷ್ಟರೊಳಗೆ ನೆಟ್ ನಾಲ್ಕು ಸಲ ಬರೆಯಬಹುದು. ಜೆಆರ್‌ಎಫ್ ಆದರೆ ಹಿಂದೆ ನೋಡದೆ ಹೋಗು, ಮನೆಗೆ ಭಾರ ಆಗುವುದಿಲ್ಲ, ನೀನೇ ಮನೆಗೆ ಕಳಿಸಬಹುದು. ಆಗದಿದ್ದರೆ ಫೆಲೋಶಿಪ್ ಇಲ್ಲದ ಪಿಎಚ್.ಡಿಗೆ ಸೇರಬೇಡ. ಇದು ಕಟುವಾಗಿ ಕೇಳಿಸುತ್ತದೆ ಅಂತ ಗೊತ್ತು, ನನ್ನ ಸಹೋದ್ಯೋಗಿಗಳು ಒಪ್ಪುವುದಿಲ್ಲ. ಆದರೆ ಐದು ವರ್ಷ ಕೈಯಲ್ಲಿ ದುಡ್ಡಿಲ್ಲದೆ ಕೂತ ಹುಡುಗಿಯ ಮೇಲೆ ಮನೆಯವರ ಒತ್ತಡ ಹೇಗಿರುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಆಗ ಬಿ.ಎಡ್ ಮಾಡು, ಸಂಬಳ ಬರಲಿಕ್ಕೆ ಹತ್ತಲಿ, ಪಾರ್ಟ್‌ಟೈಮ್ ಪಿಎಚ್.ಡಿ ಆಮೇಲೂ ಇದೆ. ನಾನೂ ನೌಕರಿ ಮಾಡುತ್ತಲೇ ಪಿಎಚ್.ಡಿ ಮಾಡಿದ್ದು.

ಗೈಡ್ ಆರಿಸುವಾಗ ಊರು ನೋಡಬೇಡ, ಮನುಷ್ಯನನ್ನು ನೋಡು. ಝಡ್‌ಬಿಮ್ಯಾಥ್ ಅಂತ ಗಣಿತದ ಪೇಪರುಗಳ ಒಂದು ಸೂಚಿ ಇದೆ, 2021ರಿಂದ ಎಲ್ಲರಿಗೂ ಪುಕ್ಕಟೆ. ಅದರಲ್ಲಿ ಅವರ ಹೆಸರು ಹಾಕಿ ಕಳೆದ ಐದು ವರ್ಷದಲ್ಲಿ ಏನು ಬರೆದಿದ್ದಾರೆ ನೋಡು, ಒಂದು ಪೇಪರ್ ಕೂತು ಓದು, ಅರ್ಥ ಆಗದಿದ್ದರೂ ಪರವಾಗಿಲ್ಲ. ಮೇಲೆ ಹೇಳಿದ ಬಾಲದ ಪರೀಕ್ಷೆ ಮಾಡು. ಆಮೇಲೆ ಅವರ ಹಳೇ ವಿದ್ಯಾರ್ಥಿಗಳಿಗೆ ಫೋನ್ ಹಚ್ಚಿ ಎರಡೇ ಮಾತು ಕೇಳು: ಎಷ್ಟು ವರ್ಷ ಹಿಡಿಯಿತು, ವಾರಕ್ಕೆ ಎಷ್ಟು ಸಲ ಕೂತು ಮಾತಾಡುತ್ತಿದ್ದರು. ಸರ್ ಮನೆಯ ಕರೆಂಟ್ ಬಿಲ್ ಕಟ್ಟುತ್ತಿದ್ದೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಕಾಲು ಕೀಳು.

ಬೆಳಗಾವಿ ಬಿಟ್ಟು ಹೊರಗೂ ಅರ್ಜಿ ಹಾಕು. ಬೆಂಗಳೂರಲ್ಲಿ ಐಐಎಸ್‌ಸಿ ಇದೆ, ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಇದೆ, ಟಿಐಎಫ್‌ಆರ್‌ನ ಗಣಿತ ಕೇಂದ್ರ ಇದೆ, ಚೆನ್ನೈಯಲ್ಲಿ ಐಎಂಎಸ್‌ಸಿ, ಹತ್ತಿರದಲ್ಲೇ ಐಐಟಿ ಧಾರವಾಡ. ಮತ್ತೆ ಎಂಟಿಟಿಎಸ್ ಅಂತ ಗಣಿತದ ವಿದ್ಯಾರ್ಥಿಗಳ ಬೇಸಿಗೆ ಶಿಬಿರ ಇದೆ, ನಿನ್ನ ವರ್ಷದವರನ್ನು ತೆಗೆದುಕೊಳ್ಳುತ್ತಾರಾ ನೋಡಿ ಅರ್ಜಿ ಹಾಕು. ನಾಲ್ಕು ವಾರ, 1993ರಿಂದ ನಡೆಯುತ್ತಿದೆ, ಪ್ರೊ. ಎಸ್. ಕುಮರೇಶನ್ ಶುರು ಮಾಡಿದ್ದು. ಅಲ್ಲಿ ಪಾಠ ಹೇಳುವುದಿಲ್ಲ, ಬೋರ್ಡಿಗೆ ಕರೆದು ಯಾಕೆ, ಯಾಕೆ ಅಂತ ಕೇಳುತ್ತಾರೆ. ನಾನು ಕಳಿಸಿದ ಒಬ್ಬ ಹುಡುಗ ಮೊದಲ ವಾರ ಅತ್ತು ಫೋನ್ ಮಾಡಿದ್ದ, ನಾಲ್ಕನೇ ವಾರ ಊರಿಗೆ ಬರಲಿಕ್ಕೆ ಒಲ್ಲೆ ಅಂದ.

ಕನ್ನಡ ಮೀಡಿಯಂ ಚಿಂತೆ ಬಿಡು. ಪೇಪರಿನ ಇಂಗ್ಲಿಷ್ ಐನೂರು ಶಬ್ದದ ಇಂಗ್ಲಿಷ್, ವರ್ಷದಲ್ಲಿ ಕೈಗೆ ಹತ್ತುತ್ತದೆ. ಯೋಚನೆ ಮಾತ್ರ ಕನ್ನಡದಲ್ಲೇ ಮಾಡು. ಒಂದು ಥಿಯರಂ ಅನ್ನು ಅವ್ವನಿಗೆ ಹೇಳುವ ಹಾಗೆ ಕನ್ನಡದಲ್ಲಿ ಹೇಳಲಿಕ್ಕೆ ಬರದಿದ್ದರೆ ನಿನಗೆ ಅದು ಇನ್ನೂ ತಿಳಿದಿಲ್ಲ. ನಾನು ಕೊನೇ ತನಕ ವೈವಾಕ್ಕೆ ಮುಂಚೆ ಹುಡುಗರನ್ನು ಹೀಗೇ ಪರೀಕ್ಷೆ ಮಾಡುತ್ತಿದ್ದೆ.

ನಿನ್ನಂಥವಳ ಕೈಲಿ ಆಗುತ್ತದಾ ಅಂತ ಕೇಳಿದ್ದೀಯ. ಪತ್ರ ನೋಡಿ ನಾನು ಹೇಗೆ ಹೇಳಲಿ? ಅದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಇಪ್ಪತ್ತು ಹಳ್ಳಿ. ರಸ್ತೆಗಳು ಎಲ್ಲವನ್ನೂ ಜೋಡಿಸುತ್ತವೆ, ಆದರೆ ಎಲ್ಲೂ ಸುತ್ತು ಹೊಡೆದು ಅದೇ ಊರಿಗೆ ಬರಲಿಕ್ಕೆ ಆಗುವುದಿಲ್ಲ, ಮರದ ಟೊಂಗೆಯಂತೆ ಚಾಚಿವೆ. ಏಳು ಹಳ್ಳಿಗಳಿಗೆ ಒಂದೊಂದೇ ರಸ್ತೆ, ಅಲ್ಲಿಗೆ ದಾರಿ ಮುಗಿಯಿತು. ಮೇಲೆ ಹೇಳಿದ ಎರಡೂ ಷರತ್ತಿನಂತೆ ದವಾಖಾನೆ ಕಡಿಮೆ ಅಂದರೆ ಎಷ್ಟು? ಸಂಖ್ಯೆ ನೀನು ಹತ್ತು ನಿಮಿಷದಲ್ಲಿ ಹೇಳುತ್ತೀಯ. ನನಗೆ ಸಂಖ್ಯೆ ಬೇಡ. ಅದಕ್ಕಿಂತ ಒಂದು ಕಡಿಮೆ ಯಾಕೆ ಆಗುವುದಿಲ್ಲ ಅಂತ, ಇಪ್ಪತ್ತರ ಬದಲು ಎಷ್ಟೇ ಹಳ್ಳಿ ಇದ್ದರೂ ನಿಲ್ಲುವಂತೆ, ಅರ್ಧ ಪುಟ ಕನ್ನಡದಲ್ಲಿ ಬರೆದು ಕಳಿಸು. ಮೊದಲು ಐದು ಹಳ್ಳಿಗೆ ಹಚ್ಚಿ ನೋಡು. ಸೀಗಿ ಹುಣ್ಣಿಮೆ ತನಕ ಟೈಮ್ ಇದೆ.